ಗ್ಯಾಸ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ಮೂಳೆಗಾಗಿ ಏನು ಮಾಡಬೇಕು?

ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರಗಳಿಂದಲೂ ಕೆಳಗಿನ ಕಾರವಾರ, ಅಂಕೋಲಾ, ಕುಮಟಾಗಳಿಂದಲೂ ಓದುಗರು ಪದೇ ಪದೇ ಕೇಳುತ್ತಿರುವ ಪ್ರಶ್ನೆ ಒಂದೇ: “ಬೆಳಿಗ್ಗೆ ಎದ್ದೊಡನೆ ಒಂದು ಗ್ಯಾಸ್ ಮಾತ್ರೆ ತೆಗೆದುಕೊಳ್ಳುವ ಅಭ್ಯಾಸ ಹಲವು ವರ್ಷಗಳಿಂದ ಇದೆ. ಇದರಿಂದ ಮೂಳೆ ಸವೆಯುತ್ತದೆಯಂತೆ, ಹೌದೇ? ಬಿಟ್ಟುಬಿಡಲೇ?” ಇದು ಒಂದೇ ಪ್ರಶ್ನೆಯಂತೆ ಕಂಡರೂ ಇದರಲ್ಲಿ ಎರಡು ಪ್ರಶ್ನೆಗಳಿವೆ. ಮೂಳೆಗೆ ಅಪಾಯವಿದೆಯೇ ಎಂಬುದಕ್ಕೆ, ಇದ್ದರೂ ಅದು ಸಣ್ಣದು ಮತ್ತು ಬಹುಮಟ್ಟಿಗೆ ನಿಮ್ಮ ವಯಸ್ಸು, ಆಹಾರ, ಇತರ ಕಾಯಿಲೆಗಳನ್ನು ಅವಲಂಬಿಸಿದೆ ಎಂಬುದು ಉತ್ತರ. ಬಿಡಬೇಕೇ ಎಂಬುದನ್ನು ನಿರ್ಧರಿಸಬೇಕಾದದ್ದು ಮೂಳೆಯ ಭಯವಲ್ಲ, ಆ ಮಾತ್ರೆಯನ್ನು ಯಾವ ಕಾರಣಕ್ಕೆ ಶುರು ಮಾಡಲಾಯಿತು ಎಂಬುದು. ಕಾರಣವಿಲ್ಲದ ಮಾತ್ರೆಯನ್ನು ಮೂಳೆ ಗಟ್ಟಿಯಿರುವವರೂ ಬಿಡಬೇಕು. ಬಲವಾದ ಕಾರಣವಿರುವ ಮಾತ್ರೆಯನ್ನು ಮೂಳೆ ಸವೆದವರೂ ಮುಂದುವರಿಸಬೇಕಾಗಬಹುದು.

ಮುಂದಿನ ಹಂತಗಳನ್ನು ಓದುವ ಮೊದಲು ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದೆಡೆ ತನ್ನಿ. ಹಳೆಯ ಎಂಡೋಸ್ಕೋಪಿ ವರದಿ ಮತ್ತು ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಕೊಟ್ಟ ಡಿಸ್ಚಾರ್ಜ್ ಕಾಗದ ಇದ್ದರೆ ಅವನ್ನೂ ತೆಗೆದಿಟ್ಟುಕೊಳ್ಳಿ. ನೋವಿನ ಮಾತ್ರೆ, ಥೈರಾಯ್ಡ್ ಮಾತ್ರೆ, ಆಯುರ್ವೇದದ ಚೂರ್ಣ ಮತ್ತು ಭಸ್ಮಗಳೂ ಈ ರಾಶಿಯಲ್ಲಿರಲಿ.

ಸಂಶೋಧನೆ ಹೇಳುವುದೇನು?

ಜಠರದ ಗೋಡೆಯಲ್ಲಿ ಆಮ್ಲವನ್ನು ಹೊರಹಾಕುವ ಅತಿಸೂಕ್ಷ್ಮ ಪಂಪುಗಳಿವೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಇಸೊಮೆಪ್ರಜೋಲ್ ಮೊದಲಾದ ಔಷಧಗಳು ಈ ಪಂಪುಗಳನ್ನೇ ಸ್ಥಗಿತಗೊಳಿಸುವುದರಿಂದ ಇವುಗಳನ್ನು ಪ್ರೋಟಾನ್ ಪಂಪ್ ತಡೆಕಾರಕಗಳು, ಚಿಕ್ಕದಾಗಿ ಪಿಪಿಐ, ಎಂದು ಕರೆಯುತ್ತಾರೆ. 2006ರಲ್ಲಿ ಪ್ರಕಟವಾದ ಬ್ರಿಟನ್ನಿನ ರೋಗಿಗಳ ದಾಖಲೆಗಳ ಅಧ್ಯಯನವೊಂದರಲ್ಲಿ, 50 ವರ್ಷ ದಾಟಿ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಪಿಪಿಐ ಸೇವಿಸಿದವರಲ್ಲಿ ಸೊಂಟದ ಮೂಳೆ ಮುರಿತದ ಸಾಧ್ಯತೆ ಸೇವಿಸದವರಿಗಿಂತ ಸುಮಾರು ಶೇ 44ರಷ್ಟು ಹೆಚ್ಚಿದ್ದುದು ಕಂಡುಬಂತು. ಅಂಥ ವರದಿಗಳನ್ನು ಆಧರಿಸಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2010ರಲ್ಲಿ, ಹೆಚ್ಚಿನ ಪ್ರಮಾಣದಲ್ಲಿ ಅಥವಾ ವರ್ಷಕ್ಕಿಂತ ಹೆಚ್ಚು ಕಾಲ ಸೇವಿಸುವವರಿಗೆ ಸೊಂಟ, ಮಣಿಕಟ್ಟು ಮತ್ತು ಬೆನ್ನುಮೂಳೆಯ ಮುರಿತದ ಅಪಾಯ ಹೆಚ್ಚಿರಬಹುದೆಂದು ಎಚ್ಚರಿಸಿತು. ಜನರನ್ನು ಹೆದರಿಸಿದ ಸುದ್ದಿಗಳ ಮೂಲ ಇದೇ.

ಆದರೆ ದಾಖಲೆಗಳ ಅಧ್ಯಯನಕ್ಕೆ ಒಂದು ಮಿತಿಯಿದೆ. ವರ್ಷಗಟ್ಟಲೆ ಗ್ಯಾಸ್ ಮಾತ್ರೆ ತಿನ್ನುವವರು ಸಾಮಾನ್ಯವಾಗಿ ಹೆಚ್ಚು ಕಾಯಿಲೆಯವರು, ನೋವಿನ ಮಾತ್ರೆ ಅಥವಾ ಸ್ಟೀರಾಯ್ಡ್ ಸೇವಿಸುವವರು, ಓಡಾಟ ಕಡಿಮೆಯಾದವರು; ಆದ್ದರಿಂದ ಮೂಳೆ ಮುರಿದದ್ದು ಮಾತ್ರೆಯಿಂದಲೋ ಈ ಉಳಿದ ಕಾರಣಗಳಿಂದಲೋ ಎಂದು ಬಿಡಿಸಿ ಹೇಳುವುದು ಕಷ್ಟ. 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸುಮಾರು 17,600 ಹೃದ್ರೋಗಿಗಳು ಮತ್ತು ರಕ್ತನಾಳದ ರೋಗಿಗಳ ಪೈಕಿ ಅರ್ಧದಷ್ಟು ಜನರಿಗೆ ಪ್ಯಾಂಟೊಪ್ರಜೋಲ್, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು ಸುಮಾರು 3 ವರ್ಷ ಗಮನಿಸಲಾಯಿತು. ಮೂಳೆ ಮುರಿತದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ಕರುಳಿನ ಸೋಂಕು ಮಾತ್ರ ತುಸು ಹೆಚ್ಚಿತ್ತು. ಮೂರು ವರ್ಷ ಎಂಬುದು ಹತ್ತು ವರ್ಷವಲ್ಲ ಎಂಬ ಆಕ್ಷೇಪಕ್ಕೂ ಬೆಲೆಯಿದೆ. ಈ ಎರಡನ್ನೂ ಜೊತೆಗಿಟ್ಟು ನೋಡಿದರೆ, ಈಗಾಗಲೇ ಮೂಳೆ ದುರ್ಬಲವಾಗಿರುವವರು ಎಚ್ಚರಿಕೆ ವಹಿಸಬೇಕು, ಉಳಿದವರು ಗಾಬರಿಯಾಗಬೇಕಿಲ್ಲ ಎಂಬುದು ನನ್ನ ತೀರ್ಮಾನ.

ಹಂತ 1: ನೀವು ನುಂಗುತ್ತಿರುವುದು ಯಾವ ಮಾತ್ರೆ ಎಂದು ಗುರುತಿಸಿ

ನಮ್ಮಲ್ಲಿ ಗ್ಯಾಸ್ ಮಾತ್ರೆ ಎಂಬ ಒಂದೇ ಹೆಸರಿನಡಿ ಮೂರು ಬಗೆಯ ಔಷಧಗಳು ಸೇರಿಕೊಂಡಿವೆ. ಹೆಸರಿನ ಕೊನೆಯಲ್ಲಿ ‘ಪ್ರಜೋಲ್’ ಎಂದಿದ್ದರೆ ಅದು ಪಿಪಿಐ. ಮೂಳೆಯ ಪ್ರಶ್ನೆ ಮುಖ್ಯವಾಗಿ ಇದಕ್ಕೆ ಸಂಬಂಧಿಸಿದ್ದು. ‘ಟಿಡಿನ್’ ಎಂದು ಮುಗಿಯುವ ರಾನಿಟಿಡಿನ್, ಫ್ಯಾಮೊಟಿಡಿನ್‌ಗಳು ಆಮ್ಲವನ್ನು ಇದಕ್ಕಿಂತ ಕಡಿಮೆ ತಗ್ಗಿಸುವ ಬೇರೆ ವರ್ಗದವು. ಜೆಲುಸಿಲ್, ಡೈಜೀನ್‌ನಂಥ ದ್ರವಗಳು ಈಗಾಗಲೇ ಇರುವ ಆಮ್ಲವನ್ನು ಶಮನ ಮಾಡುವ ಆಂಟಾಸಿಡ್‌ಗಳು.

ಇಲ್ಲಿ ಎರಡು ತಪ್ಪುಗಳು ಸಾಮಾನ್ಯ. ಪಿಪಿಐ ಬಿಟ್ಟು ಅದರ ಬದಲು ದಿನವೂ ಆಂಟಾಸಿಡ್ ಬಾಟಲಿ ಕುಡಿಯುವವರಿದ್ದಾರೆ. ಅಲ್ಯೂಮಿನಿಯಂ ಇರುವ ಆಂಟಾಸಿಡ್ ಆಹಾರದ ರಂಜಕವನ್ನು ಕರುಳಿನಲ್ಲೇ ಹಿಡಿದಿಡುವುದರಿಂದ, ದೊಡ್ಡ ಪ್ರಮಾಣದಲ್ಲಿ ದೀರ್ಘಕಾಲ ಕುಡಿದರೆ ಅದೇ ಮೂಳೆಯನ್ನು ಮೃದುವಾಗಿಸಬಲ್ಲದು. ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಇನ್ನೂ ಕೆಟ್ಟದ್ದು. ಎರಡನೆಯದಾಗಿ, ಪ್ಯಾನ್-ಡಿ ಎಂದು ಎಲ್ಲರಿಗೂ ಪರಿಚಿತವಾದ ಕ್ಯಾಪ್ಸೂಲ್‌ನಲ್ಲಿ ಪ್ಯಾಂಟೊಪ್ರಜೋಲ್ ಜೊತೆಗೆ ಡೊಂಪೆರಿಡೋನ್ ಎಂಬ, ವಾಂತಿ ತಡೆಯುವ ಔಷಧವೂ ಇದೆ. ಅದು ಹೃದಯದ ಲಯವನ್ನು ಏರುಪೇರು ಮಾಡುವ ಸಾಧ್ಯತೆ ಇರುವುದರಿಂದ ವಯಸ್ಸಾದವರು ವರ್ಷಗಟ್ಟಲೆ ಸೇವಿಸತಕ್ಕದ್ದಲ್ಲ. ಆಮ್ಲದ ಔಷಧ ನಿಮಗೆ ಅಗತ್ಯವೇ ಇದ್ದರೂ ಅದರ ಜೊತೆಗೆ ಈ ‘ಡಿ’ ಬೇಕೇ ಎಂದು ವೈದ್ಯರನ್ನು ಬೇರೆಯಾಗಿ ಕೇಳಿ.

ಹಂತ 2: ಏಕೆ ಶುರುವಾಯಿತು ಎಂದು ಪತ್ತೆ ಮಾಡಿ

ಈ ಹಂತಕ್ಕೆ ಹೆಚ್ಚು ಸಮಯ ಕೊಡಿ, ಏಕೆಂದರೆ ಉಳಿದ ನಿರ್ಧಾರಗಳೆಲ್ಲ ಇದರ ಮೇಲೆ ನಿಂತಿವೆ. ಜ್ವರಕ್ಕೋ ಮಂಡಿನೋವಿಗೋ ಹತ್ತು ದಿನಗಳ ಔಷಧ ಕೊಡುವಾಗ ಹೊಟ್ಟೆ ಉರಿಯದಿರಲೆಂದು ಜೊತೆಗೆ ಬರೆದ ಗ್ಯಾಸ್ ಮಾತ್ರೆ, ಆ ಔಷಧ ಮುಗಿದ ಮೇಲೂ ಉಳಿದುಕೊಂಡು ವರ್ಷಗಟ್ಟಲೆ ಮುಂದುವರಿದಿರುವುದು ಅತಿ ಸಾಮಾನ್ಯ. ವೈದ್ಯರ ಚೀಟಿಯ ಮೇಲೆ ಮಾತ್ರ ಮಾರಬೇಕಾದ ಈ ಮಾತ್ರೆ ಚೀಟಿಯಿಲ್ಲದೆಯೂ ಸುಲಭವಾಗಿ ಸಿಗುವುದರಿಂದ, ನಿಲ್ಲಿಸಿ ಎಂದು ಹೇಳುವವರು ಯಾರೂ ಇರುವುದಿಲ್ಲ. ಸಾಧಾರಣ ಎದೆಯುರಿಗೆ ಪಿಪಿಐ ಚಿಕಿತ್ಸೆ 4ರಿಂದ 8 ವಾರಗಳದ್ದು. ಅದರಾಚೆಗೆ ಮುಂದುವರಿಸಲು ಒಂದು ಹೆಸರಿಸಬಲ್ಲ ಕಾರಣ ಬೇಕು.

ಅಂಥ ಕಾರಣಗಳಿವೆ. ಎಂಡೋಸ್ಕೋಪಿಯಲ್ಲಿ ಅನ್ನನಾಳದ ತೀವ್ರ ಹುಣ್ಣು ಕಂಡವರು, ಅನ್ನನಾಳದ ಒಳಪದರ ಆಮ್ಲದಿಂದಾಗಿ ಬದಲಾಗುವ ಬ್ಯಾರೆಟ್ಸ್ ಎಂಬ ಸ್ಥಿತಿ ಇರುವವರು, ಹಿಂದೆ ಹೊಟ್ಟೆಹುಣ್ಣಿನಿಂದ ರಕ್ತಸ್ರಾವವಾಗಿ ಈಗಲೂ ಆಸ್ಪಿರಿನ್ ಅಥವಾ ನೋವಿನ ಮಾತ್ರೆ ಸೇವಿಸಲೇಬೇಕಾದವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಮತ್ತು ಕ್ಲೊಪಿಡೊಗ್ರೆಲ್ ಎರಡನ್ನೂ ಸೇವಿಸುವವರು, ರಕ್ತ ತೆಳುವಾಗಿಸುವ ಔಷಧದ ಜೊತೆ ಬೇರೆ ಅಪಾಯಗಳೂ ಇರುವ ವೃದ್ಧರು ಮೂಳೆಯ ಭಯಕ್ಕೆ ಇದನ್ನು ತಾವಾಗಿಯೇ ನಿಲ್ಲಿಸಬಾರದು. ಮುರಿದ ಮಣಿಕಟ್ಟಿಗಿಂತ ಜಠರದ ರಕ್ತಸ್ರಾವ ಬೇಗ ಪ್ರಾಣ ತೆಗೆಯುತ್ತದೆ. ಕ್ಲೊಪಿಡೊಗ್ರೆಲ್ ಸೇವಿಸುವವರು ಇನ್ನೊಂದು ವಿಷಯ ಗಮನಿಸಬೇಕು: ಒಮೆಪ್ರಜೋಲ್ ಮತ್ತು ಇಸೊಮೆಪ್ರಜೋಲ್ ಅದರ ಪರಿಣಾಮವನ್ನು ಕುಂದಿಸುತ್ತವೆ, ಆದ್ದರಿಂದ ಸಾಮಾನ್ಯವಾಗಿ ಅಂಥವರಿಗೆ ಪ್ಯಾಂಟೊಪ್ರಜೋಲ್ ಕೊಡುತ್ತಾರೆ.

ನುಂಗಲು ಕಷ್ಟ, ಕಪ್ಪು ಟಾರಿನಂಥ ಮಲ, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇವುಗಳಲ್ಲಿ ಯಾವುದಿದ್ದರೂ ಈ ಮಾರ್ಗದರ್ಶಿಯನ್ನು ಬದಿಗಿಟ್ಟು ಮೊದಲು ವೈದ್ಯರನ್ನು ಕಾಣಿ. ಗುಡ್ಡ ಹತ್ತುವಾಗ ಎದೆ ಹಿಡಿದಂತಾಗಿ ಕುಳಿತರೆ ಹೋಗುವ ‘ಗ್ಯಾಸ್’ ಹೃದಯದ್ದಾಗಿರಬಹುದು. ಅದಕ್ಕೆ ಇನ್ನೊಂದು ಮಾತ್ರೆ ನುಂಗಿ ಕಾಯುವುದು ಅತ್ಯಂತ ಅಪಾಯಕಾರಿ.

ಹಂತ 3: ನಿಮ್ಮ ಮೂಳೆಯ ಅಪಾಯವನ್ನು ಬೇರೆಯಾಗಿ ಲೆಕ್ಕ ಹಾಕಿ

ವಯಸ್ಸು 65 ದಾಟಿದೆಯೇ? ಮುಟ್ಟು 45ಕ್ಕೆ ಮೊದಲೇ ನಿಂತಿತೇ, ಅಥವಾ ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆಸಲಾಗಿದೆಯೇ? ನಿಂತ ಎತ್ತರದಿಂದ ಬಿದ್ದಷ್ಟಕ್ಕೇ ಹಿಂದೆ ಮೂಳೆ ಮುರಿದಿತ್ತೇ? ತಂದೆ ಅಥವಾ ತಾಯಿಗೆ ಸೊಂಟದ ಮೂಳೆ ಮುರಿದಿತ್ತೇ? ಆಸ್ತಮಾ, ಸಂಧಿವಾತಗಳಿಗಾಗಿ 3 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದ್ದೀರಾ? ದೇಹ ತೀರಾ ಕೃಶವೇ? ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಮದ್ಯ, ತಂಬಾಕು ಇವೆಯೇ? ಇವೆಲ್ಲ ಪಿಪಿಐಗಿಂತ ಗಟ್ಟಿಯಾಗಿ ಸಾಬೀತಾದ ಕಾರಣಗಳು. ಹತ್ತು ವರ್ಷಗಳಲ್ಲಿ ಮೂಳೆ ಮುರಿಯುವ ಸಂಭವವನ್ನು ಲೆಕ್ಕ ಹಾಕಲು ವೈದ್ಯರು ಬಳಸುವ ಫ್ರ್ಯಾಕ್ಸ್ ಎಂಬ ಸಾಧನದಲ್ಲಿ ಸ್ಟೀರಾಯ್ಡ್‌ಗೆ, ಧೂಮಪಾನಕ್ಕೆ ಜಾಗವಿದೆ, ಗ್ಯಾಸ್ ಮಾತ್ರೆಗೆ ಇಲ್ಲ.

ತಂಬಾಕು ಎಂದೊಡನೆ ಬೀಡಿ, ಸಿಗರೇಟು ಮಾತ್ರ ನೆನಪಾಗಬಾರದು. ಅಡಿಕೆಯ ಸೀಮೆಯಾದ ನಮ್ಮಲ್ಲಿ ಕವಳ ಹಾಕದ ಮನೆ ಕಡಿಮೆ, ಕವಳದ ಸುಣ್ಣದಿಂದ ಮೂಳೆಗೆ ಕ್ಯಾಲ್ಸಿಯಂ ಸಿಗುತ್ತದೆಂಬ ಸಮಾಧಾನವೂ ಚಾಲ್ತಿಯಲ್ಲಿದೆ. ಆದರೆ ಅಡಿಕೆಯನ್ನೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಪಟ್ಟಿಗೆ ಸೇರಿಸಿದೆ. ಜೊತೆಗಿರುವ ತಂಬಾಕು ಎದೆಯುರಿಯನ್ನೂ ಹೆಚ್ಚಿಸಬಲ್ಲದು. ಅಡಿಕೆ ಬೆಳೆಗಾರರಿಗೆ ಇದು ಹಿತವಾದ ಮಾತಲ್ಲವೆಂದು ಗೊತ್ತು.

ಮೇಲಿನ ಪ್ರಶ್ನೆಗಳಿಗೆ ಎಲ್ಲವೂ ‘ಇಲ್ಲ’ ಎಂದಾದರೆ, ಕೇವಲ ಪಿಪಿಐ ಸೇವಿಸುತ್ತಿದ್ದೀರಿ ಎಂಬ ಕಾರಣಕ್ಕೆ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಬೇಕಾಗಿಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘವೂ 2017ರಲ್ಲಿ ಇದನ್ನೇ ಹೇಳಿದೆ.

ಹಂತ 4: ಪರೀಕ್ಷೆ ಬೇಕಿದ್ದವರು ಸರಿಯಾದದ್ದನ್ನೇ ಮಾಡಿಸಿಕೊಳ್ಳಿ

ಮೂಳೆಯಲ್ಲಿ ಖನಿಜ ಎಷ್ಟು ದಟ್ಟವಾಗಿದೆ ಎಂದು ಅಳೆಯುವ ನಂಬಲರ್ಹ ಪರೀಕ್ಷೆ ಡೆಕ್ಸಾ. ಇದು ಅತ್ಯಲ್ಪ ಎಕ್ಸ್-ರೇ ಬಳಸಿ ಸೊಂಟ ಮತ್ತು ಬೆನ್ನುಮೂಳೆಯನ್ನು ನೋಡುತ್ತದೆ. ಫಲಿತಾಂಶವನ್ನು ಟಿ-ಸ್ಕೋರ್ ಎಂಬ ಅಂಕದಲ್ಲಿ ಕೊಡುತ್ತಾರೆ: ಮೈನಸ್ 1 ಅಥವಾ ಅದಕ್ಕಿಂತ ಮೇಲಿದ್ದರೆ ಸಹಜ, ಮೈನಸ್ 1ರಿಂದ ಮೈನಸ್ 2.5ರ ನಡುವೆ ಇದ್ದರೆ ಸಾಂದ್ರತೆ ಕಡಿಮೆ, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೊಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ. ಡೆಕ್ಸಾ ಯಂತ್ರ ಎಲ್ಲ ಊರಿನಲ್ಲೂ ಇರುವುದಿಲ್ಲವಾದ್ದರಿಂದ ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಡುವ ಮೊದಲು, ಪರೀಕ್ಷೆಯ ಅಗತ್ಯವಿದೆಯೇ ಎಂದು ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಅಥವಾ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿಕೊಳ್ಳಿ.

ಸಭಾಭವನಗಳಲ್ಲಿ ನಡೆಯುವ ಉಚಿತ ಶಿಬಿರಗಳಲ್ಲಿ ಹಿಮ್ಮಡಿಯನ್ನು ಯಂತ್ರಕ್ಕೆ ಇಟ್ಟು ಎರಡು ನಿಮಿಷದಲ್ಲಿ ಅಂಕ ಕೊಡುವುದು ಅಲ್ಟ್ರಾಸೌಂಡ್ ಪರೀಕ್ಷೆ. ಆ ಅಂಕವನ್ನು ಡೆಕ್ಸಾದ ಟಿ-ಸ್ಕೋರ್ ಎಂದು ತಿಳಿಯಬಾರದು, ಅದನ್ನು ನಂಬಿ ಶಿಬಿರದ ಮೇಜಿನ ಮೇಲೆಯೇ ಮಾರುವ ಡಬ್ಬಗಳನ್ನು ಕೊಳ್ಳಲೂಬಾರದು.

ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ವಿಟಮಿನ್ ಡಿ ಜೊತೆಗೆ, ವರ್ಷ ದಾಟಿ ಪಿಪಿಐ ಸೇವಿಸಿದವರು ಮೆಗ್ನೀಸಿಯಂ ಮತ್ತು ವಿಟಮಿನ್ ಬಿ12 ಬಗ್ಗೆಯೂ ಕೇಳಬಹುದು. ದೀರ್ಘಕಾಲದ ಪಿಪಿಐ ಕೆಲವರಲ್ಲಿ ಮೆಗ್ನೀಸಿಯಂ ಇಳಿಸುತ್ತದೆ. ಮೆಗ್ನೀಸಿಯಂ ತೀರಾ ಇಳಿದರೆ ಕ್ಯಾಲ್ಸಿಯಂ ಕೂಡ ಇಳಿದು ಸ್ನಾಯುಸೆಳೆತ, ನಡುಕ ಬರುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ಈ ಸಾಧ್ಯತೆ ಹೆಚ್ಚು. ಬಿ12 ವಿಷಯ ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡ ಬಿ12 ಬಿಡುಗಡೆಯಾಗಲು ಆಮ್ಲ ಬೇಕು. ಹಾಲು-ಮೊಸರಿನಿಂದ ಬರುವ ಅಲ್ಪ ಬಿ12ಗೂ ಮಾತ್ರೆ ಅಡ್ಡಿಯಾದರೆ, ಅದರ ಮೇಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ ಸೇರಿದರೆ, ಪಾದ ಜೋಮು ಹಿಡಿದು ನಡಿಗೆಯ ಸಮತೋಲ ತಪ್ಪುತ್ತದೆ. ಮೂಳೆ ಎಷ್ಟೇ ಗಟ್ಟಿಯಿದ್ದರೂ ಬೀಳುವವನ ಮೂಳೆ ಮುರಿಯುತ್ತದೆ.

ಹಂತ 5: ಕಾರಣವಿಲ್ಲದಿದ್ದರೆ ಮಾತ್ರೆಯನ್ನು ಇಳಿಸಿ

ಮೊದಲು ಸೇವನೆಯ ಸಮಯವನ್ನು ಸರಿಪಡಿಸಿ. ಊಟ ತಿಂಡಿಯ ಹೊತ್ತಿಗೆ ಚುರುಕಾಗುವ ಪಂಪುಗಳನ್ನಷ್ಟೇ ಪಿಪಿಐ ತಡೆಯಬಲ್ಲದಾದ್ದರಿಂದ ಅದನ್ನು ತಿಂಡಿಗೆ 30ರಿಂದ 60 ನಿಮಿಷ ಮೊದಲು ನುಂಗಬೇಕು. ತಿಂಡಿಯ ನಂತರ ಅಥವಾ ಮಲಗುವಾಗ ನುಂಗಿ, ಸಾಕಾಗುತ್ತಿಲ್ಲವೆಂದು ದಿನಕ್ಕೆ ಎರಡು ಮಾಡಿಕೊಂಡವರು ಎಷ್ಟೋ ಜನ. ಅವರಿಗೆ ಸಮಯ ಬದಲಿಸಿದರೆ ಒಂದೇ ಸಾಕಾಗಬಹುದು.

ನಂತರ ವೈದ್ಯರಿಗೆ ತಿಳಿಸಿ ಪ್ರಮಾಣವನ್ನು ಅರ್ಧಕ್ಕಿಳಿಸಿ: ದಿನಕ್ಕೆ ಎರಡಿದ್ದರೆ ಒಂದು, ಪ್ಯಾಂಟೊಪ್ರಜೋಲ್ 40 ಇದ್ದರೆ 20. ಮಾತ್ರೆಯನ್ನು ಮುರಿದು ಅರ್ಧ ಮಾಡಬೇಡಿ. ಜಠರದಲ್ಲಿ ಕರಗದೆ ಕರುಳಿನಲ್ಲಿ ಕರಗುವಂತೆ ಅದಕ್ಕೆ ಹೊದಿಕೆ ಹಾಕಿರುತ್ತಾರೆ. ಮುರಿದರೆ ಆಮ್ಲವೇ ಔಷಧವನ್ನು ಹಾಳುಮಾಡುತ್ತದೆ. 20 ಮಿಲಿಗ್ರಾಂ ಮಾತ್ರೆಯನ್ನೇ ಕೇಳಿ ಪಡೆಯಿರಿ. ಎರಡರಿಂದ ನಾಲ್ಕು ವಾರ ಹೀಗೆ ನಡೆದ ಮೇಲೆ ದಿನ ಬಿಟ್ಟು ದಿನ, ಆಮೇಲೆ ಉರಿ ಬಂದಾಗ ಮಾತ್ರ ಎಂಬಂತೆ ಬನ್ನಿ. ಒಮ್ಮೆಲೇ ನಿಲ್ಲಿಸುವುದೂ ತಪ್ಪಲ್ಲವೆಂದು ತಜ್ಞರು ಹೇಳುತ್ತಾರೆ, ಆದರೆ ಬಹುಕಾಲ ಸೇವಿಸಿದವರಿಗೆ ನಿಧಾನದ ದಾರಿಯೇ ಸಹ್ಯ ಎಂಬುದು ನನ್ನ ಅನುಭವ.

ಇಲ್ಲಿ ಹೆಚ್ಚಿನವರು ಸೋಲುವುದು ಎರಡನೆಯ ವಾರದ ಒಳಗೆ. ಆಮ್ಲವನ್ನು ಬಹುಕಾಲ ತಡೆದಾಗ ದೇಹವು ಗ್ಯಾಸ್ಟ್ರಿನ್ ಎಂಬ ಹಾರ್ಮೋನನ್ನು ಹೆಚ್ಚು ಸುರಿಸುತ್ತಿರುತ್ತದೆ. ಕಟ್ಟಿದ ಒಡ್ಡನ್ನು ತೆಗೆದಾಗ ಹಳ್ಳದ ನೀರು ನುಗ್ಗುವಂತೆ, ಮಾತ್ರೆ ನಿಂತೊಡನೆ ಆಮ್ಲ ಮೊದಲಿಗಿಂತಲೂ ಹೆಚ್ಚಾಗಿ ಬರುತ್ತದೆ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಎದೆಯುರಿಯೇ ಇಲ್ಲದ ಆರೋಗ್ಯವಂತರಿಗೆ 8 ವಾರ ಇಸೊಮೆಪ್ರಜೋಲ್ ಕೊಟ್ಟು ನಿಲ್ಲಿಸಿದಾಗ, ನಂತರದ ವಾರಗಳಲ್ಲಿ ಶೇ 44 ಮಂದಿಗೆ ಎದೆಯುರಿ, ಹುಳಿತೇಗಿನಂಥ ತೊಂದರೆ ಕಾಣಿಸಿತು; ಹುಸಿ ಮಾತ್ರೆ ಪಡೆದವರಲ್ಲಿ ಶೇ 15 ಮಂದಿಗೆ ಮಾತ್ರ. ಆದ್ದರಿಂದ ಬಿಟ್ಟೊಡನೆ ಬರುವ ಉರಿ ನಿಮ್ಮ ಹಳೆಯ ಕಾಯಿಲೆಯ ಪುರಾವೆಯಲ್ಲ. ಅದು ಕೆಲವು ವಾರಗಳಲ್ಲಿ ತಗ್ಗುತ್ತದೆ. ಆವರೆಗೆ ಆಂಟಾಸಿಡ್ ಅಥವಾ ಫ್ಯಾಮೊಟಿಡಿನ್ ಅನ್ನು ಬೇಕಾದಾಗ ಮಾತ್ರ ಬಳಸಬಹುದು. ಆಂಟಾಸಿಡ್‌ಗೂ ಬೇರೆ ಔಷಧಗಳಿಗೂ ನಡುವೆ ಕನಿಷ್ಠ 2 ಗಂಟೆ ಅಂತರವಿರಲಿ. ಎರಡು ತಿಂಗಳು ಕಳೆದರೂ ಉರಿ ತಗ್ಗದಿದ್ದರೆ ನಿಜವಾದ ಕಾರಣ ಹುಡುಕಲು ಎಂಡೋಸ್ಕೋಪಿ ಬೇಕಾಗಬಹುದು.

ಊಟದ ಪಥ್ಯದ ಬಗ್ಗೆ ಬಹಳ ಪಟ್ಟಿಗಳು ಹರಿದಾಡುತ್ತವೆ. ಅಪ್ಪೆಹುಳಿ, ಮಿಡಿ ಉಪ್ಪಿನಕಾಯಿ, ಖಾರದ ಮೀನುಸಾರು ಎಲ್ಲರಿಗೂ ವರ್ಜ್ಯವಲ್ಲ. ನಿಮಗೆ ಯಾವುದು ಉರಿ ತರುತ್ತದೋ ಅದನ್ನಷ್ಟೇ ಬಿಡಿ. ಪಿತ್ತಕ್ಕೆ ತಂಪೆಂದು ಕುಡಿಯುವ ಮುರುಗಲು ಪಾನಕವೂ ಹುಳಿಯೇ ಎಂಬುದು ನೆನಪಿರಲಿ. ಇದಕ್ಕಿಂತ ಫಲ ಕೊಡುವುದು ರಾತ್ರಿಯೂಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ, ಮಂಚದ ತಲೆಯ ಕಡೆ ಕಾಲುಗಳಡಿ 15ರಿಂದ 20 ಸೆಂಟಿಮೀಟರ್ ಎತ್ತರ, ಹೆಚ್ಚಿದ್ದ ತೂಕದ ಇಳಿಕೆ. ದಿಂಬಿನ ಮೇಲೆ ದಿಂಬಿಟ್ಟರೆ ಹೊಟ್ಟೆ ಮಡಚಿ ಉರಿ ಹೆಚ್ಚಬಹುದು.

ಹಂತ 6: ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಮಹಿಳೆಯರಿಗೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಅನ್ನವೇ ಪ್ರಧಾನವಾದ ನಮ್ಮ ಊಟದಲ್ಲಿ ಇದು ತಾನಾಗಿ ಒದಗುವುದಿಲ್ಲ. 200 ಮಿಲಿಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 240, 50 ಗ್ರಾಂ ರಾಗಿಯಲ್ಲಿ ಸುಮಾರು 175 ಮಿಲಿಗ್ರಾಂ ಇದೆ. ನುಗ್ಗೆಸೊಪ್ಪು, ಹುರುಳಿ, ಎಳ್ಳು ಒಳ್ಳೆಯ ಮೂಲಗಳು, ಆದರೆ ಎಳ್ಳಿನ ಕ್ಯಾಲ್ಸಿಯಂ ಪೂರ್ತಿ ಹೀರಿಕೆಯಾಗುವುದಿಲ್ಲ. ತಂಬುಳಿಯ ನೀರುಮಜ್ಜಿಗೆಯನ್ನು ಮೊಸರಿನ ಲೆಕ್ಕಕ್ಕೆ ಹಿಡಿಯಬೇಡಿ. ಕರಾವಳಿಯವರಿಗೆ ತಾರ್ಲೆಯಂಥ ಸಣ್ಣ ಮೀನನ್ನು ಮುಳ್ಳು ಸಮೇತ ಅಗಿದು ತಿನ್ನುವ ಅನುಕೂಲವಿದೆ. ಅದರ ಎಣ್ಣೆಯಲ್ಲಿ ವಿಟಮಿನ್ ಡಿ ಕೂಡ ಇದೆ. ಮುಳ್ಳು ಬಿಡಿಸಿ ತಿಂದ ಬಂಗಡೆಯಿಂದ ಕ್ಯಾಲ್ಸಿಯಂ ಹೆಚ್ಚೇನೂ ಬರುವುದಿಲ್ಲ.

ಆಹಾರದಿಂದ ಸಾಲದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿ. ಪಿಪಿಐ ಸೇವಿಸುವವರಿಗೆ ಮಾತ್ರೆಯ ಬಗೆ ಮುಖ್ಯವಾಗುವುದು ಇಲ್ಲಿ: ಕ್ಯಾಲ್ಸಿಯಂ ಕಾರ್ಬೊನೇಟ್ ಕರಗಲು ಆಮ್ಲ ಬೇಕು, ಕ್ಯಾಲ್ಸಿಯಂ ಸಿಟ್ರೇಟ್‌ಗೆ ಬೇಡ. ಕಾರ್ಬೊನೇಟನ್ನು ಖಾಲಿ ಹೊಟ್ಟೆಯಲ್ಲಿ ಗ್ಯಾಸ್ ಮಾತ್ರೆಯ ಜೊತೆಗೇ ನುಂಗುವುದು ಅದನ್ನು ಬಹುಪಾಲು ವ್ಯರ್ಥ ಮಾಡಿದಂತೆ. ಊಟದ ಜೊತೆ ತೆಗೆದುಕೊಂಡರೆ ಸಾಕಷ್ಟು ಹೀರಿಕೆಯಾಗುತ್ತದೆ. ಸಿಟ್ರೇಟ್ ಯಾವಾಗಲಾದರೂ ಆದೀತು, ಬೆಲೆ ಮಾತ್ರ ಹೆಚ್ಚು. ಒಂದು ಸಲಕ್ಕೆ 500 ಮಿಲಿಗ್ರಾಂ ಮೀರಬಾರದು. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂಗೂ 4 ಗಂಟೆ ಅಂತರ ಬೇಕು. ಶಂಖಭಸ್ಮವೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟೇ ಆದ್ದರಿಂದ ಅದನ್ನು ಸೇವಿಸುವವರು ಒಟ್ಟು ಲೆಕ್ಕದಲ್ಲಿ ಸೇರಿಸಬೇಕು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲೇ ಕಾಣದ ಊರುಗಳಲ್ಲಿ ವಿಟಮಿನ್ ಡಿ ಕೊರತೆ ಅಚ್ಚರಿಯಲ್ಲ. ಕೊರತೆ ಇದ್ದವರಿಗೆ 60,000 ಯೂನಿಟ್‌ಗಳ ಪುಡಿ ಅಥವಾ ಕ್ಯಾಪ್ಸೂಲನ್ನು ಸಾಮಾನ್ಯವಾಗಿ ವಾರಕ್ಕೊಂದರಂತೆ 8 ವಾರ ಬರೆದುಕೊಡುತ್ತಾರೆ. ಅದನ್ನು ದಿನಕ್ಕೊಂದರಂತೆ ತಿಂದವರೂ, ವಾರಕ್ಕೊಂದನ್ನು ವರ್ಷಗಟ್ಟಲೆ ಮುಂದುವರಿಸಿದವರೂ ಇದ್ದಾರೆ. ಅತಿಯಾದ ವಿಟಮಿನ್ ಡಿ ರಕ್ತದ ಕ್ಯಾಲ್ಸಿಯಂ ಏರಿಸಿ ಮೂತ್ರಪಿಂಡವನ್ನು ಕೆಡಿಸುತ್ತದೆ.

ಹಂತ 7: ಮೂಳೆ ಸವೆತ ಖಚಿತವಾಗಿದ್ದು ಪಿಪಿಐ ಬಿಡಲಾಗದಿದ್ದರೆ

ಆಗ ಕೆಲಸ ಮಾಡುವ ಅತಿ ಕಡಿಮೆ ಪ್ರಮಾಣದಲ್ಲಿ ಪಿಪಿಐ ಮುಂದುವರಿಸಿ ಮೂಳೆಗೆ ಬೇರೆಯಾಗಿ ಚಿಕಿತ್ಸೆ ಪಡೆಯಬೇಕು. ಸಾಮಾನ್ಯವಾಗಿ ಮೊದಲು ಕೊಡುವ ಅಲೆಂಡ್ರೊನೇಟ್ ಮಾತ್ರೆಯನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಒಂದು ಲೋಟ ಬರಿಯ ನೀರಿನಲ್ಲಿ ನುಂಗಿ ಅರ್ಧ ಗಂಟೆ ಮಲಗದೆ ಇರಬೇಕು. ಇಲ್ಲದಿದ್ದರೆ ಅದು ಅನ್ನನಾಳವನ್ನು ಸುಡುತ್ತದೆ. ಅನ್ನನಾಳದ ತೊಂದರೆಗೇ ಪಿಪಿಐ ಸೇವಿಸುವವರಿಗೆ ಇದು ಒಗ್ಗದಿರಬಹುದು. ಅಂಥವರು ವರ್ಷಕ್ಕೊಮ್ಮೆ ರಕ್ತನಾಳದ ಮೂಲಕ ಕೊಡುವ ಜೊಲೆಡ್ರೊನಿಕ್ ಆಮ್ಲದ ಬಗ್ಗೆ ಕೇಳಬೇಕು. ಅದಕ್ಕೆ ಮೊದಲು ಮೂತ್ರಪಿಂಡ, ಕ್ಯಾಲ್ಸಿಯಂ, ವಿಟಮಿನ್ ಡಿ ಸರಿಯಿವೆಯೇ ಎಂದು ನೋಡಿ, ಹಲ್ಲು ಕೀಳಿಸುವ ಕೆಲಸವಿದ್ದರೆ ಮುಗಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ, ಕಾಲುಸಂಕ, ಕೊಟ್ಟಿಗೆಯ ಹಾಸುಗಲ್ಲು, ಬಚ್ಚಲುಮನೆ ಇವು ಸೊಂಟ ಮುರಿಯುವ ಜಾಗಗಳು. ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವವರು ಅದು ಕೊಳೆತು ಜಾರುವ ಮೊದಲೇ ಬದಲಿಸಬೇಕು. ಬಚ್ಚಲಿನ ಗೋಡೆಗೆ ಹಿಡಿಕೆ, ರಾತ್ರಿ ಎದ್ದು ಹೋಗುವ ದಾರಿಗೆ ದೀಪ ಹಾಕಿಸಬೇಕು. ನಿದ್ದೆ ಮಾತ್ರೆಯಿದ್ದರೆ ಅದನ್ನೂ ಮರುಪರಿಶೀಲಿಸಲು ಹೇಳಿ.

ಬೆನ್ನುಮೂಳೆಯ ಮುರಿತ ಬೀಳದೆಯೂ ಆಗುತ್ತದೆ. ಘಟ್ಟದ ರಸ್ತೆಯಲ್ಲಿ ಬಸ್ಸು ಎತ್ತಿಹಾಕಿದ ಮೇಲೆ ಅಥವಾ ಕೊಡ ಎತ್ತಿದ ಮೇಲೆ ನಡುಬೆನ್ನಿನಲ್ಲಿ ಹೊಸದಾಗಿ ಹಿಡಿದ ನೋವು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಯೌವನದ ಎತ್ತರಕ್ಕಿಂತ 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಎಣ್ಣೆ ತಿಕ್ಕಿಸುವ ಮೊದಲು ಬೆನ್ನಿನ ಎಕ್ಸ್-ರೇ ತೆಗೆಸಿ, ಪಿಪಿಐ ಎಷ್ಟು ವರ್ಷಗಳಿಂದ ಸೇವಿಸುತ್ತಿದ್ದೀರಿ ಎಂಬುದನ್ನೂ ವೈದ್ಯರಿಗೆ ಹೇಳಿ.